ಹೊರಗೋಡೆಯ ಪೇಂಟಿಂಗ್: ಚಳಿಗಾಲ ಮುಗಿಯುವವರೆಗೆ ತಾರೀಕು ಇಲ್ಲ, ವಾರ ಮಾತ್ರ

ನಮಸ್ಕಾರ,

ಹೊರಗೋಡೆ, ಗೇಟು, ಗ್ರಿಲ್ ಕೆಲಸ ನಮಗೆ ಒಪ್ಪಿಸಿ ಕಾಯುತ್ತಿರುವ ಎಲ್ಲರಿಗೂ ಈ ಪತ್ರ. ವಿಷಯ ಇಷ್ಟೇ. ಚಳಿಗಾಲ ಮುಗಿಯುವವರೆಗೆ ಹೊರಗಿನ ಪೇಂಟಿಂಗ್‌ಗೆ ಇಂಥದ್ದೇ ದಿನ ಅಂತ ಹೇಳುವುದನ್ನು ನಿಲ್ಲಿಸಿದ್ದೇವೆ. ಯಾವ ವಾರ ಅಂತ ಮೊದಲೇ ಹೇಳುತ್ತೇವೆ, ಯಾವ ದಿನ ಅಂತ ಹಿಂದಿನ ಸಂಜೆ ತಿಳಿಸುತ್ತೇವೆ. ಬೆಳಿಗ್ಗೆ ಎಂಟಕ್ಕೇ ಶುರುವಾಗುತ್ತಿದ್ದ ಕೆಲಸ ಇನ್ನು ಹತ್ತರ ಮೇಲೆ ಶುರುವಾಗುತ್ತದೆ, ಮೂರು ಗಂಟೆಗೆಲ್ಲ ಬ್ರಷ್ ತೊಳೆದಿಡುತ್ತೇವೆ.

ಯಾಕೆ ಅನ್ನುವುದಕ್ಕೆ ಕಳೆದ ವಾರವೇ ಸಾಕ್ಷಿ. ಸೋಮವಾರ ಸ್ವೆಟರ್ ಬೇಡ ಅನಿಸುವಷ್ಟು ಬೆಚ್ಚಗಿತ್ತು. ಮಂಗಳವಾರ ಮಧ್ಯಾಹ್ನ ಕಡಲ ಕಡೆಯಿಂದ ಎದ್ದ ಗಾಳಿಗೆ ಸಾರ್ವೆಗೆ ಕಟ್ಟಿದ್ದ ತಾಡಪಾಲು ನಿಲ್ಲಲೇ ಇಲ್ಲ. ಬುಧವಾರ ಮಳೆ. ಗುರುವಾರ ಮೋಡವೆಲ್ಲ ಸರಿದು ಆಕಾಶ ತೊಳೆದಿಟ್ಟ ಹಾಗಾಯಿತು, ಜೊತೆಗೆ ಕೊರೆಯುವ ಚಳಿ. ಶುಕ್ರವಾರ ಬೆಳಿಗ್ಗೆ ಎದುರುಮನೆ ಕಾಣದಷ್ಟು ಮಂಜು, ಶನಿವಾರ ಮತ್ತೆ ಬೆಚ್ಚಗೆ.

"ಬುಧವಾರ ಸರಿ, ಗುರುವಾರ ಅಷ್ಟು ಚೆನ್ನಾಗಿ ಬಿಸಿಲಿತ್ತಲ್ಲ, ಯಾಕೆ ಬರಲಿಲ್ಲ?" ಅಂತ ತುಂಬ ಜನ ಕೇಳಿದಿರಿ. ಕೇಳಬೇಕಾದ್ದೇ. ಆದರೆ ಪೇಂಟಿಗೆ ಮೋಸ ಮಾಡುವುದು ಇಂಥ ದಿನಗಳೇ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ಗೋಡೆ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಆಗ ಗಾಳಿಯಲ್ಲಿರುವ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಹಿಂದಿನ ದಿನದ ಮಳೆಗೆ ನೆಲ ನೆನೆದಿದ್ದರೆ ಕೇಳುವುದೇ ಬೇಡ, ಶುಕ್ರವಾರದ ಮಂಜು ಬಂದಿದ್ದೂ ಹಾಗೆಯೇ. ಗುರುವಾರ ಮಧ್ಯಾಹ್ನ ಬಳಿದಿದ್ದರೆ ಪೇಂಟ್ ಗಟ್ಟಿಯಾಗುವ ಮೊದಲೇ ಸಂಜೆಯ ಇಬ್ಬನಿ ಅದರ ಮೇಲೆ ಇಳಿದಿರುತ್ತಿತ್ತು. ಅಂಥ ಗೋಡೆಯಲ್ಲಿ ಬೆಳಿಗ್ಗೆ ಸಣ್ಣಗೆ ಅಂಟಂಟಾದ ಗೆರೆಗಳು ಇಳಿದಿರುತ್ತವೆ, ಗಾಢ ಬಣ್ಣವಾದರೆ ಬಿಳಿಚಿಕೊಂಡಿರುತ್ತದೆ.

ಲೆಕ್ಕ ಹೇಳುವುದಾದರೆ, ಗಾಳಿ 15 ಡಿಗ್ರಿ ಸೆಲ್ಸಿಯಸ್ ಇದ್ದು ಅದರಲ್ಲಿ ಶೇ. 80 ತೇವಾಂಶ ಇದ್ದರೆ ಸುಮಾರು 11.5 ಡಿಗ್ರಿಗೆ ಇಬ್ಬನಿ ಕಟ್ಟುತ್ತದೆ. ಗೋಡೆಯ ಮೈ ಅದಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಅನ್ನುವುದು ಪೇಂಟಿಂಗ್‌ನವರ ಹಳೆಯ ನಿಯಮ. ಅಂದರೆ ಹದಿನಾಲ್ಕೂವರೆ. ಗಾಳಿಯೇ 15 ಇರುವಾಗ ನೆರಳಿನ ಬದಿಯ ಗೋಡೆ ಅಷ್ಟು ಬಿಸಿ ಏರಬೇಕಾದರೆ ಎಷ್ಟು ಹೊತ್ತು ಬೇಕು, ನೀವೇ ಯೋಚಿಸಿ. ಒಂದೇ ಮನೆಯಲ್ಲಿ ಬಿಸಿಲಿನ ಬದಿ ಹತ್ತೂವರೆಗೆ ಒಣಗಿ, ಇನ್ನೊಂದು ಬದಿ ಹನ್ನೆರಡಾದರೂ ಅಂಗೈ ಇಟ್ಟರೆ ತಣ್ಣಗೆ ಪಸೆ ಹತ್ತುತ್ತಿರುತ್ತದೆ. ಹಾಗಾಗಿ ಮನೆಯ ಒಂದು ಬದಿ ಮಾತ್ರ ಮುಗಿಸಿ ಹೊರಟರೆ ಅರ್ಧಕ್ಕೆ ಬಿಟ್ಟರು ಅಂದುಕೊಳ್ಳಬೇಡಿ.

ಇದರ ಮೇಲೆ ಉಪ್ಪು ಬೇರೆ. ಕಡಲ ಗಾಳಿ ಎರಡು ದಿನ ಜೋರಾಗಿ ಬೀಸಿದರೆ ಸಾಕು, ಕಡಲಿಗೆ ಮುಖ ಮಾಡಿದ ಗೋಡೆಗೆ ಕಣ್ಣಿಗೆ ಕಾಣದ ಉಪ್ಪಿನ ಪದರ ಕೂರುತ್ತದೆ. ತೇವಾಂಶ ಶೇ. 75 ದಾಟಿದರೆ ಆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಅದರ ಮೇಲೆ ಬಳಿದ ಪೇಂಟ್ ಮುಂದೆ ಗುಳ್ಳೆ ಏಳುತ್ತದೆ, ಗ್ರಿಲ್ ಆದರೆ ಒಳಗಿಂದಲೇ ತುಕ್ಕು ತಿನ್ನುತ್ತದೆ. ಅದಕ್ಕೇ ಗಾಳಿಯ ದಿನ ಕಳೆದ ಮೇಲೆ ಗೋಡೆಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಲು ಬಿಡುತ್ತೇವೆ. ಅವತ್ತು ನಿಮಗೆ ಕೆಲಸ ಆದ ಹಾಗೇ ಕಾಣಿಸುವುದಿಲ್ಲ, ಆದರೆ ಅದೂ ಕೆಲಸವೇ.

ಇನ್ನು ಗಾಳಿಯ ಬಿಸಿ 10 ಡಿಗ್ರಿಗಿಂತ ಕೆಳಗಿದ್ದರೆ ನೀರಿನ ಪೇಂಟ್ ಮುಟ್ಟುವುದೇ ಇಲ್ಲ. ನೀರು ಆರಿದರೂ ಒಳಗಿನ ಕಣಗಳು ಒಂದಕ್ಕೊಂದು ಬೆಸೆಯುವುದಿಲ್ಲ. ಮುಟ್ಟಿದರೆ ಒಣಗಿದೆ ಅನಿಸುತ್ತದೆ, ಒಂದು ವರ್ಷ ಕಳೆದ ಮೇಲೆ ಕೈಗೆ ಪುಡಿ ಬರುತ್ತದೆ.

ದುಡ್ಡಿನ ಮಾತು. ಹವೆ ನೋಡಿ ನಾವು ಕೆಲಸ ನಿಲ್ಲಿಸಿದ ದಿನಕ್ಕೆ ಕೂಲಿ ಕೇಳುವುದಿಲ್ಲ, ಸಾರ್ವೆ ಹೆಚ್ಚು ದಿನ ನಿಂತರೆ ಅದರ ಬಾಡಿಗೆಯೂ ನಮ್ಮದೇ. ಒಳಗಿನ ಕೆಲಸ ಬಾಕಿ ಇರುವವರು ಮೊದಲೇ ಹೇಳಿ, ಹೊರಗೆ ಆಗದ ದಿನ ಅದನ್ನೇ ಮಾಡಿಬಿಡೋಣ. ಅದಕ್ಕೆ ಒಂದು ಕೋಣೆಯಷ್ಟಾದರೂ ಸಾಮಾನು ಸರಿಸಿ ಇಟ್ಟಿರಬೇಕು. ಬೆಳಿಗ್ಗೆ ಬಂದು ಬೀರು ಎತ್ತುವುದರಲ್ಲೇ ಅರ್ಧ ದಿನ ಹೋದರೆ ಸುಮ್ನೆ ಇಬ್ಬರಿಗೂ ನಷ್ಟ, ಅಲ್ವಾ?

ಗೃಹಪ್ರವೇಶ, ಮದುವೆ ಅಂತ ದಿನ ಗೊತ್ತಾಗಿರುವವರು ಈಗಲೇ ಫೋನ್ ಮಾಡಿ. ನಿಮ್ಮ ಮನೆಯನ್ನು ಸಾಲಿನಲ್ಲಿ ಮುಂದೆ ತರುತ್ತೇವೆ, ತೀರಾ ಹತ್ತಿರ ಇದ್ದರೆ ಎದುರಿನ ಗೋಡೆ ಮೊದಲು ಮುಗಿಸಿ ಉಳಿದದ್ದನ್ನು ಆಮೇಲೆ ಮಾಡುತ್ತೇವೆ. ಆದರೆ ಒದ್ದೆ ಗೋಡೆಗೆ ಬಳಿಯಿರಿ ಅಂತ ಮಾತ್ರ ಹೇಳಬೇಡಿ.

ನಿಮ್ಮ ಗೋಡೆ ಒಣಗಿದೆಯೋ ಇಲ್ಲವೋ ಅಂತ ನೀವೇ ನೋಡಬಹುದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸಂಜೆ ಗೋಡೆಗೆ ಒತ್ತಿ ನಾಲ್ಕೂ ಬದಿ ಟೇಪ್ ಹಾಕಿ, ಮರುದಿನ ಬೆಳಿಗ್ಗೆ ಹತ್ತಕ್ಕೆ ಬಿಚ್ಚಿ. ಒಳಮೈಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯ ಒಳಗೇ ಇದೆ. ಅದರ ಫೋಟೋ ತೆಗೆದು ಕಳಿಸಿ, ನಿಮ್ಮ ಸರದಿಯನ್ನು ಅದಕ್ಕೆ ತಕ್ಕ ಹಾಗೆ ಹಾಕುತ್ತೇವೆ.

ಇಂತಿ,
ಪೇಂಟಿಂಗ್ ಕೆಲಸಗಾರರ ಸಹಕಾರಿಯ ಪರವಾಗಿ