ಸೀರಿಯಲ್ ಡಾಕ್ಟ್ರ ಮಾತು ನಂಬಿದ ನಮ್ಮಮ್ಮ: ನಮ್ಮ ಎಂಪಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು,

ರಸ್ತೆ, ನೀರು ಅಂತ ಬರೀತಿಲ್ಲ ಸರ್, ಸೀರಿಯಲ್ ವಿಷ್ಯಕ್ಕೆ ಬರೀತಿದ್ದೀನಿ. ಚಿಕ್ಕದು ಅನ್ಕೋಬೇಡಿ, ದಯವಿಟ್ಟು ಪೂರ್ತಿ ಓದಿ.

ನಮ್ಮಮ್ಮಂಗೆ 68 ವರ್ಷ, ಶುಗರ್ ಇದೆ. ಸಂಜೆ ದೇವರಿಗೆ ದೀಪ ಹಚ್ಚಿ ಟಿವಿ ಮುಂದೆ ಕೂತ್ರೆ ರಾತ್ರಿ ಹತ್ತರವರೆಗೂ ಸೀರಿಯಲ್. ಬ್ರೇಕ್ ಬಂದ ತಕ್ಷಣ ಸೌಂಡ್ ಕಮ್ಮಿ ಮಾಡಿ ಅಡುಗೆಮನೆಗೆ ಹೋಗ್ತಾರೆ, ಅಂದ್ರೆ ಜಾಹೀರಾತು ಯಾವ್ದು ಕಥೆ ಯಾವ್ದು ಅಂತ ಅವರಿಗೆ ಚೆನ್ನಾಗಿ ಗೊತ್ತು. ಅಂಥವರು ಸಂಕ್ರಾಂತಿ ಆದ್ಮೇಲೆ ಒಂದಿನ ಅಂಗಡಿಯಿಂದ ಹೆಲ್ತ್ ಡ್ರಿಂಕ್ ಡಬ್ಬ ತರಿಸಿದ್ರು. ಯಾರಮ್ಮ ಹೇಳಿದ್ದು ಅಂದ್ರೆ "ಡಾಕ್ಟ್ರು ಹೇಳಿದ್ರಲ್ಲೋ" ಅಂದ್ರು. ಯಾವ ಡಾಕ್ಟ್ರು? ಸೀರಿಯಲ್‌ನಲ್ಲಿ ಬರೋ ಡಾಕ್ಟ್ರು!

ಆ ಎಪಿಸೋಡ್ ಮೊಬೈಲಲ್ಲಿ ಹಾಕಿ ನೋಡ್ದೆ. ಅಜ್ಜಿ ಸುಸ್ತಾಗಿ ಮಲಗಿದ್ದಾರೆ, ಡಾಕ್ಟ್ರು ಪರೀಕ್ಷೆ ಮಾಡಿ ದಿನಾ ಎರಡು ಸಲ ಇದನ್ನ ಕೊಡಿ ಅಂತಾರೆ, ಸೊಸೆ ಡಬ್ಬ ಹಿಡ್ಕೊಂಡು ನಿಲ್ತಾಳೆ, ಹೆಸರಿರೋ ಮಗ್ಗುಲು ನಮ್ಮ ಕಡೆಗೇ, ಅವಳ ಬೆರಳು ಒಂದಕ್ಷರಾನೂ ಮುಚ್ಚಿಲ್ಲ, ಕ್ಯಾಮೆರಾ ಅಲ್ಲೇ ನಿಂತ್ಬಿಡುತ್ತೆ, ಮಾರನೇ ದಿನ ಅಜ್ಜಿ ಅಂಗಳದಲ್ಲಿ ಬಗ್ಗಿ ರಂಗೋಲಿ ಹಾಕ್ತಿದ್ದಾರೆ. ಇಷ್ಟೂ ಹೊತ್ತು ಸ್ಕ್ರೀನ್ ಮೇಲೆ ಎಲ್ಲೂ ಜಾಹೀರಾತು ಅನ್ನೋ ಪದ ಇಲ್ಲ. ಡಬ್ಬ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿದ್ರೆ, ಹೆಚ್ಚಿರೋದನ್ನ ಮೊದ್ಲು ಬರೀಬೇಕಾದ ಪಟ್ಟಿ ಅದು, ಎರಡನೇದೇ ಸಕ್ಕರೆ. ಅಷ್ಟರಲ್ಲಿ ಅಮ್ಮ ಹದಿನೈದು ದಿನ ಕುಡಿದಾಗಿತ್ತು.

ಅಮ್ಮ ದಡ್ಡರಲ್ಲ ಸರ್. ಎರಡು ವರ್ಷದಿಂದ ದಿನಾ ನೋಡ್ತಿರೋ ಆ ಡಾಕ್ಟ್ರು ಕಥೆಯಲ್ಲಿ ಯಾವತ್ತೂ ಸುಳ್ಳು ಹೇಳಿಲ್ಲ, ಆ ನಂಬಿಕೇನ ಮಾರಿಕೊಂಡಿದ್ದಾರೆ, ನಂಗೆ ಹೊಟ್ಟೆ ಉರಿಯೋದು ಅದಕ್ಕೆ.

ಕಾನೂನು ಇಲ್ಲ ಅಂತಲ್ಲ. 1994ರ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ನಿಯಮಗಳಲ್ಲಿ 7ನೇ ನಿಯಮ ನೋಡಿ, ಜಾಹೀರಾತು ಕಾರ್ಯಕ್ರಮದಿಂದ ಬೇರೆ ಅಂತ ಸ್ಪಷ್ಟವಾಗಿ ಗೊತ್ತಾಗ್ಬೇಕು ಅಂತಿದೆ, ಗಂಟೆಗೆ 12 ನಿಮಿಷ ಮೀರಬಾರದು ಅಂತಾನೂ ಇದೆ. ಹಾಗಾದ್ರೆ ಕಥೆಯೊಳಗೇ ಹೊಲಿದು ಸೇರಿಸಿದ ಜಾಹೀರಾತು ಆ 12 ನಿಮಿಷದ ಲೆಕ್ಕಕ್ಕೆ ಬರುತ್ತಾ? ಇನ್‌ಸ್ಟಾಗ್ರಾಂನಲ್ಲಿ ದುಡ್ಡು ತಗೊಂಡು ಕ್ರೀಮ್ ತೋರಿಸೋ ಹುಡುಗಿ ಅದು ಜಾಹೀರಾತು ಅಂತ ಹೇಳ್ಲೇಬೇಕು, ಅದೂ ವಿಡಿಯೋ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರೀಲೇ ಹೇಳಿದೆ. ಬ್ರಿಟನ್‌ನಲ್ಲಿ 2011ರ ಫೆಬ್ರವರಿಯಲ್ಲಿ ಹೀಗೆ ಕಥೆಯೊಳಗೆ ದುಡ್ಡಿಗೆ ವಸ್ತು ತೋರಿಸೋದಕ್ಕೆ (ಪ್ರಾಡಕ್ಟ್ ಪ್ಲೇಸ್‌ಮೆಂಟ್) ಅನುಮತಿ ಕೊಟ್ಟಾಗ್ಲೇ, ಅಲ್ಲಿನ ಕಾರ್ಯಕ್ರಮಗಳ ಶುರುವಲ್ಲಿ, ಬ್ರೇಕ್ ಆದ್ಮೇಲೆ, ಕೊನೇಲಿ "ಪಿ" ಅನ್ನೋ ಗುರುತು ತೋರಿಸ್ಬೇಕು ಅಂತ ಮಾಡಿದ್ರು, ನ್ಯೂಸ್‌ಗೂ ಮಕ್ಕಳ ಕಾರ್ಯಕ್ರಮಕ್ಕೂ ಅನುಮತೀನೇ ಕೊಡ್ಲಿಲ್ಲ.

ಸೀರಿಯಲ್ ಮಾಡೋರ ಹೊಟ್ಟೆ ಮೇಲೆ ಹೊಡೀರಿ ಅಂತ ಕೇಳ್ತಿಲ್ಲ. ಲೈಟ್‌ಬಾಯ್‌ನಿಂದ ಹಿಡಿದು ಡೈಲಾಗ್ ಬರೆಯೋರವರೆಗೆ ಎಷ್ಟೋ ಮನೆ ಅದರಿಂದ ನಡೀತಿದೆ. 1984ರಲ್ಲಿ ದೂರದರ್ಶನದ 'ಹಮ್ ಲೋಗ್' ನಡೆದಿದ್ದೂ ಪ್ರಾಯೋಜಕರ ದುಡ್ಡಲ್ಲೇ. ದುಡ್ಡು ತಗೊಳ್ಳಿ, ಆದ್ರೆ ತಗೊಂಡಿದ್ದೀವಿ ಅಂತ ನೋಡೋರಿಗೆ ಹೇಳಿ, ಅಷ್ಟೇ.

ನೀವು ಮಾಡ್ಬೇಕಾಗಿರೋದು ಇಷ್ಟು ಸರ್. ಮುಂದಿನ ಅಧಿವೇಶನದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಒಂದು ಲಿಖಿತ ಪ್ರಶ್ನೆ ಹಾಕಿ. ಕಥೆಯೊಳಗಿನ ಜಾಹೀರಾತಿಗೆ 7ನೇ ನಿಯಮ ಅನ್ವಯ ಆಗುತ್ತಾ, ಆಗೋದಾದ್ರೆ ಆ ದೃಶ್ಯ ಇರೋವಷ್ಟು ಹೊತ್ತೂ "ಇದು ಜಾಹೀರಾತು" ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಯಾಕೆ ಹಾಕಿಸ್ತಿಲ್ಲ, ಡಾಕ್ಟ್ರ ಪಾತ್ರದ ಬಾಯಲ್ಲಿ ತಿನ್ನೋ ಕುಡಿಯೋ ವಸ್ತು ಮಾರೋದನ್ನ ನಿಲ್ಲಿಸ್ತೀರಾ ಅಂತ ಕೇಳಿ. ಉತ್ತರ ಬಂದ್ರೆ ನಿಮ್ಮ ಫೇಸ್‌ಬುಕ್ ಪೇಜಲ್ಲಿ ಕನ್ನಡದಲ್ಲಿ ಹಾಕಿ ಸರ್, ಅಮ್ಮಂಗೆ ಓದಿ ಹೇಳ್ತೀನಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ