ಬ್ರೇಕ್ ಶೂ ಮೇಲಿನ ಕೆಂಪು ಚುಕ್ಕೆ

ಪ್ರೀತಿಯ ಗೆಳೆಯಾ,

ಮಡಿಕೇರಿಯಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಫೋನಲ್ಲೇ ಹೇಳೋಣ ಅಂದುಕೊಂಡೆ. ಆದರೆ ನೀನು ನಡುವೆ ಬಾಯಿ ಹಾಕಿ ಕಿತ್ತಳೆ ಮೂಟೆ ಕಥೆ ತೆಗೆಯುತ್ತೀಯ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಸೈಕಲ್ ತುಳಿಯುವ ಬೇರೆಯವರೂ ಓದಲಿ.

ಮಗಳ ಸೈಕಲ್ಲನ್ನು ಸರ್ವಿಸ್‌ಗೆ ಕೊಟ್ಟಿದ್ದೆ. ನಮ್ಮ ಮಳೆಗೆ ಬ್ರೇಕ್ ಶೂ ಎಷ್ಟು ಬೇಗ ಸವೆಯುತ್ತದೆ ಅಂತ ನಿನಗೆ ಗೊತ್ತಲ್ವಾ? ರಸ್ತೆಯ ಮರಳು, ಚಕ್ರವನ್ನು ಒತ್ತಿ ಹಿಡಿಯುವ ಆ ರಬ್ಬರ್ ತುಂಡಿಗೂ ರಿಮ್ಮಿಗೂ ನಡುವೆ ಸೇರಿಕೊಂಡು ಎರಡನ್ನೂ ಅರದ ಹಾಗೆ ಉಜ್ಜುತ್ತದೆ. ಮುಂದೆ ಹಿಂದೆ ಹೊಸ ಶೂ ಹಾಕಿ, ಚೈನಿಗೆ ಎಣ್ಣೆ ಬಿಡಿ ಅಂದಿದ್ದೆ. ಮೂರು ದಿನ ಅಂದವರು ಒಂಬತ್ತು ದಿನ ಇಟ್ಟುಕೊಂಡರು. ಅದು ಹೋಗಲಿ. 850 ರೂಪಾಯಿ ಕೊಟ್ಟೆ. 'ಎಲ್ಲಾ ಹೊಸದೇ ಸಾರ್' ಅಂದರು.

ಭಾನುವಾರ ಇಬ್ಬರೂ ಸುಂಟಿಕೊಪ್ಪದ ಕಡೆ ಹೊರಟೆವು. ಬೋಯಿಕೇರಿ ಹತ್ತಿರದ ಇಳಿಜಾರು. ಮಗಳು ಮುಂದೆ. ನಾನು ಹೇಳಿಕೊಟ್ಟ ಹಾಗೆ ಮೊದಲೇ ಎರಡು ಸಲ ಮೆಲ್ಲಗೆ ಬ್ರೇಕ್ ಹಿಡಿದು ರಿಮ್ಮಿನ ನೀರು ಒರೆಸಿಕೊಂಡಳು. ಆಮೇಲೆ ಗಟ್ಟಿಯಾಗಿ ಹಿಡಿದಳು. ಕರಕರ ಸದ್ದು ಬಂತು, ಸೈಕಲ್ ನಿಲ್ಲಲಿಲ್ಲ. ಎದುರಿಗೆ ಬಸ್ಸು. ಕಾಲು ಉಜ್ಜುತ್ತಾ ಪಕ್ಕದ ಹುಲ್ಲಿಗೆ ಇಳಿಸಿ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ನನ್ನ ಕೈ ಮಾತ್ರ ತುಂಬಾ ಹೊತ್ತು ನಡುಗುತ್ತಿತ್ತು.

ಚಕ್ರ ಎತ್ತಿ ನೋಡಿದೆ. ಹಳೇ ಶೂಗಳೇ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಹೊಸದರ ಹಾಗೆ ಕಪ್ಪಗೆ ಮಾಡಿದ್ದರು. ನೀರು ಹೋಗುವ ಗೀರು ಒಂದೂ ಉಳಿದಿರಲಿಲ್ಲ. ಒಂದು ಮೂಲೆಯಲ್ಲಿ ಒಳಗಿನ ಲೋಹ ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ ಮಗಳು ಹೋದ ವರ್ಷ ನೇಲ್ ಪಾಲಿಶ್‌ನಲ್ಲಿ ಇಟ್ಟಿದ್ದ ಕೆಂಪು ಚುಕ್ಕೆ.

ಮರುದಿನ ಅಂಗಡಿಗೆ ಹೋದೆವು. 'ಮಳೆಯಲ್ಲಿ ಬ್ರೇಕ್ ಹಾಗೇ ಸಾರ್, ನಿಧಾನ ಹೋಗಬೇಕು' ಅಂದರು. ಮಗಳು ಚುಕ್ಕೆ ತೋರಿಸಿದಳು. ಅವರು ಫೋನ್ ಕಿವಿಗಿಟ್ಟುಕೊಂಡು ಒಳಗೆ ಹೋದರು. ನಾನು ಕಾದೆ. ಅವರು ಹೊರಗೆ ಬಂದಾಗ 'ಇರಲಿ ಬಿಡಿ' ಅಂದುಬಿಟ್ಟೆ. ಹೊಸ ಶೂಗೆ ಮತ್ತೆ ದುಡ್ಡು ಕೊಟ್ಟೆ.

ದಾರಿಯಲ್ಲಿ ಅವಳು ಕೇಳಿದಳು, 'ಅಪ್ಪಾ, ನೀನ್ಯಾಕೆ ಏನೂ ಹೇಳಲಿಲ್ಲ?'

ಅವಳು ಬಿದ್ದಿದ್ದಕ್ಕಿಂತ ಆ ಮಾತು ಜಾಸ್ತಿ ಚುಚ್ಚಿತು. ಆವತ್ತು ಹಾಸ್ಟೆಲ್ ಮೆಸ್ಸಿನಲ್ಲಿ ಎಲ್ಲರೆದುರು ನಿನ್ನನ್ನು ಕೂಪನ್ ಕಳ್ಳ ಅಂದರಲ್ಲ? ನೀನು ನನ್ನ ಕಡೆ ನೋಡಿದೆ. ತೆಗೆದವರು ಯಾರು ಅಂತ ನನಗೆ ಗೊತ್ತಿತ್ತು ಮಾರಾಯ. ನಾನು ತಟ್ಟೆ ನೋಡುತ್ತಾ ಕೂತೆ. ನೀನು ಒಂದು ದಿನವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತಪ್ಪಾಯಿತು.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಇರಲಿ, ಈ ಸಲ ಹುತ್ತರಿಗೆ ಬಂದೇ ಬಾ. ಅಮ್ಮ ತಂಬಿಟ್ಟು ಮಾಡುತ್ತಾರೆ. ಖಾಲಿ ಮೂಟೆ ತರಲು ಮರೆಯಬೇಡ. ಮಗಳು ಹೊಸ ಶೂಗೂ ಚುಕ್ಕೆ ಇಟ್ಟಿದ್ದಾಳೆ. ಈ ಸಲ ಹಸಿರು.

ನಿನ್ನ
ಗೆಳೆಯ