ಗೌರಿ ಹೂವಿನ ಫಲಕಕ್ಕೆ ಇನ್ನೊಂದು ಸಾಲು ಬೇಕು

ಮಾನ್ಯರೇ,

ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯ ಉದ್ಯಾನದಲ್ಲಿ ಒಂದು ಮೂಲೆಗೆ ‘ಔಷಧಿ ವನ’ ಎಂದು ಹೆಸರು. ತುಳಸಿ, ಅಮೃತಬಳ್ಳಿ, ದೊಡ್ಡಪತ್ರೆಗಳ ಸಾಲಿನಲ್ಲಿಯೇ ಗೌರಿ ಹೂವಿನ ಬಳ್ಳಿಯೂ ಇದೆ. ಅದರ ಮುಂದಿನ ಫಲಕದಲ್ಲಿ ‘ಅಗ್ನಿಶಿಖೆ, ಲಾಂಗಲಿ. ಕೀಲುನೋವಿಗೆ ಉಪಯುಕ್ತ’ ಎಂದಷ್ಟೇ ಬರೆದಿದ್ದಾರೆ.

ಕಾಯಿ ಒಡೆದು ಬೀಜ ಉದುರಿದ ಮೇಲೆ ಈ ಬಳ್ಳಿ ಒಣಗಿ ಇಲ್ಲವಾಗುತ್ತದೆ, ಗಡ್ಡೆ ಮಾತ್ರ ಮಣ್ಣಿನೊಳಗೆ ಮಲಗಿರುತ್ತದೆ. ಕಳೆದ ಫೆಬ್ರುವರಿಯಲ್ಲಿ ಪಾತಿ ಅಗೆದ ಕೆಲಸಗಾರರು ಆ ಗಡ್ಡೆಗಳನ್ನು ದಾರಿಯ ಬದಿಗೆ ಎಸೆದಿದ್ದರು. ವಾಕಿಂಗ್‌ಗೆ ಬರುವ ಹಿರಿಯರೊಬ್ಬರು ಎರಡನ್ನು ಚೀಲಕ್ಕೆ ಹಾಕಿಕೊಂಡು, ‘ಟೀಚರ್, ಇದನ್ನು ಗೆಣಸಿನಂತೆ ಬೇಯಿಸಿ ತಿನ್ನಬೇಕೋ, ಕಷಾಯ ಮಾಡಬೇಕೋ?’ ಎಂದು ನನ್ನನ್ನು ಕೇಳಿದರು. ಕೇಳಿದ್ದು ಪುಣ್ಯ.

ನಾನು ತೀರ್ಥಹಳ್ಳಿ ಕಡೆಯವಳು. ಭಾದ್ರಪದದ ಗೌರಿ ಹಬ್ಬಕ್ಕೆ ಕಾಡಂಚಿನ ಬೇಲಿಯಿಂದ ಈ ಹೂವನ್ನು ಕೊಯ್ದು ತರುವುದು ಮಕ್ಕಳ ಕೆಲಸವಾಗಿತ್ತು. ಎಲೆಯ ತುದಿಯನ್ನೇ ಸುರುಳಿ ಮಾಡಿಕೊಂಡು ಪಕ್ಕದ ಗಿಡವನ್ನು ಹಿಡಿದು ಹತ್ತುವ ಬಳ್ಳಿ ಇದು. ಹಸಿರು ಹಳದಿಯಾಗಿ ಅರಳಿ, ದಿನ ಕಳೆದಂತೆ ಕೆಂಪೇರುವ ಆರು ಎಸಳುಗಳು ಹಿಂದಕ್ಕೆ ಬಾಗಿ ಉರಿಯುವ ದೀಪದಂತೆ ಕಾಣುತ್ತವೆ. ಹೂವು ತಂದವರು ಕೈ ತೊಳೆಯದೆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅಮ್ಮ ರಸಾಯನಶಾಸ್ತ್ರ ಓದಿದವಳಲ್ಲ, ಆದರೆ ಗಡ್ಡೆ ವಿಷವೆಂದು ಬಲ್ಲಳು.

ಆ ವಿಷದ ಹೆಸರು ಕಾಲ್ಚಿಸಿನ್. ನನ್ನ ಯಜಮಾನರಿಗೆ ಗೌಟ್‌ನಿಂದ ಕಾಲಿನ ಹೆಬ್ಬೆರಳು ಊದಿದಾಗ ವೈದ್ಯರು ಬರೆದುಕೊಡುವುದೂ ಅದನ್ನೇ, ಮಾತ್ರೆಗೆ ಅರ್ಧ ಮಿಲಿಗ್ರಾಂ. ಗಡ್ಡೆಯಲ್ಲಿ ಎಷ್ಟಿದೆ ಎಂದು ಅಡುಗೆಮನೆಯಲ್ಲಿ ಅಳೆಯುವವರು ಯಾರು? ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಿ, ಆಮೇಲೆ ಮೂತ್ರಪಿಂಡ, ಮೂಳೆಮಜ್ಜೆಗಳವರೆಗೂ ಹೋಗಿ ಜೀವವನ್ನೇ ತೆಗೆಯಬಹುದು. ಆಯುರ್ವೇದವೂ ಲಾಂಗಲಿಯನ್ನು ಉಪವಿಷಗಳ ಸಾಲಿನಲ್ಲಿಟ್ಟು, ಗೋಮೂತ್ರದಲ್ಲಿ ನೆನೆಸಿ ಶೋಧಿಸಿದ ಮೇಲೆಯೇ ಬಳಸುತ್ತದೆ. ಫಲಕ ಬರೆಸಿದವರು ಉಪಯೋಗವನ್ನು ಮಾತ್ರ ನಕಲು ಮಾಡಿ ಈ ಭಾಗವನ್ನು ಬಿಟ್ಟಿದ್ದಾರೆ.

ಬಳ್ಳಿಯನ್ನು ಕಿತ್ತೆಸೆಯಿರಿ ಎಂದು ನಾನು ಹೇಳುತ್ತಿಲ್ಲ. ದೂರು ಕೊಟ್ಟರೆ ಮೊದಲು ಆಗುವುದು ಅದೇ ಎಂಬ ಭಯದಿಂದಲೇ ಇಷ್ಟು ದಿನ ಸುಮ್ಮನಿದ್ದೆ. ಪಕ್ಕದ ತಮಿಳುನಾಡಿಗೆ ಇದು ರಾಜ್ಯ ಪುಷ್ಪ, ಅಲ್ಲಿನ ರೈತರು ಔಷಧ ತಯಾರಿಕೆಗೆಂದು ಇದರ ಬೀಜಕ್ಕಾಗಿಯೇ ಬೇಸಾಯ ಮಾಡುತ್ತಾರೆ. ನಮ್ಮಲ್ಲಿ ಇದು ಹಬ್ಬದ ಹೂವು, ಇರಲಿ. ‘ವಿಷ. ಯಾವ ಭಾಗವನ್ನೂ ತಿನ್ನಬಾರದು’ ಎಂದು ಕೆಂಪಕ್ಷರದಲ್ಲಿ ಸೇರಿಸಿದರೆ ಸಾಕು. ಪಾತಿ ಅಗೆಯುವವರಿಗೂ ಒಂದು ಮಾತು ಹೇಳಿರಬೇಕು.

ನಾನೇ ಒಂದು ರಟ್ಟಿನ ಮೇಲೆ ಹಾಗೆ ಬರೆದು, ಪ್ಲಾಸ್ಟಿಕ್ ಸುತ್ತಿ ಕಟ್ಟಿದ್ದೆ. ಅನುಮತಿಯಿಲ್ಲದೆ ಫಲಕ ಹಾಕುವಂತಿಲ್ಲವೆಂದು ಎರಡೇ ದಿನಕ್ಕೆ ಬಿಚ್ಚಿದರು. ಮೊನ್ನೆಯ ಮಳೆಗೆ ಉಳಿದ ಗಡ್ಡೆಗಳು ಮೊಳಕೆಯೊಡೆದಿವೆ. ಸಂಬಂಧಪಟ್ಟವರು ಅನುಮತಿ ಕೊಟ್ಟರೆ ಬಣ್ಣ, ಕುಂಚ ನಾನೇ ತರುತ್ತೇನೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈ, ಅಕ್ಷರ ಕೆಟ್ಟದಾಗಿರುವುದಿಲ್ಲ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಬೆಂಗಳೂರು